ಹಾಸನ, ಚಿಕ್ಕಮಗಳೂರಿನಿಂದ ದೂರ ಹೊರಡುವವರಿಗೆ ಪ್ರಯಾಣ ವಿಮೆ: ಏನು ನೋಡಿ ಮಾಡಿಸಬೇಕು

ವಿದೇಶಕ್ಕೆ ಹೋಗುವವರು ಪ್ರಯಾಣ ವಿಮೆ ಮಾಡಿಸಲೇಬೇಕು, ಅದೂ ಮುಖ್ಯವಾಗಿ ಆಸ್ಪತ್ರೆ ಖರ್ಚಿಗೆ. ಸೂಟ್‌ಕೇಸ್ ಕಳೆದರೆ ಹೋಗುವುದು ಕೆಲವು ಸಾವಿರ. ಅಮೆರಿಕದಲ್ಲಿ ಹೃದಯಾಘಾತವಾಗಿ ನಾಲ್ಕು ದಿನ ಐಸಿಯುನಲ್ಲಿ ಮಲಗಿದರೆ ಬರುವ ಬಿಲ್ಲಿಗೆ ಕಾಫಿ ತೋಟ ಅಡವಿಡುವ ಪರಿಸ್ಥಿತಿ ಬರಬಹುದು. ಇಲ್ಲಿ ಮಾಡಿಸಿರುವ ಆರೋಗ್ಯ ವಿಮೆ ಸಾಮಾನ್ಯವಾಗಿ ಭಾರತದೊಳಗಿನ ಆಸ್ಪತ್ರೆಗಳಿಗಷ್ಟೇ ಸಲ್ಲುತ್ತದೆ. ಹಾಗಾಗಿ ಪಾಲಿಸಿಗಳನ್ನು ಹೋಲಿಸುವಾಗ ವೈದ್ಯಕೀಯ ಮೊತ್ತವನ್ನು ಮೊದಲು ನೋಡಿ, ಬ್ಯಾಗೇಜ್ ಮತ್ತು ವಿಮಾನ ವಿಳಂಬದ ಸಾಲುಗಳನ್ನು ಕೊನೆಗೆ ನೋಡಿ.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆ ಕಡ್ಡಾಯ. ರೋಗಿಯನ್ನು ಅಥವಾ ಪಾರ್ಥಿವ ಶರೀರವನ್ನು ಊರಿಗೆ ತರುವ ಖರ್ಚೂ ಅದರಲ್ಲಿ ಸೇರಿರಬೇಕು. ಅಮೆರಿಕಕ್ಕೆ ಅಂಥ ನಿಯಮವಿಲ್ಲವೆಂದು ಅಗ್ಗದ್ದಕ್ಕೆ ಕೈಹಾಕಬೇಡಿ. ಒಂದು ಲಕ್ಷ ಡಾಲರಿಗಿಂತ ಕಡಿಮೆ ಬೇಡ, ಅರವತ್ತು ದಾಟಿದವರಿಗೆ ಎರಡೂವರೆ ಲಕ್ಷ ಒಳ್ಳೆಯದು.

ನಮ್ಮ ಕಡೆಯಿಂದ ಹೆಚ್ಚಾಗಿ ಹೋಗುವವರು ಮಗಳ, ಸೊಸೆಯ ಬಾಣಂತನಕ್ಕೆ ಹೊರಡುವ ತಂದೆ-ತಾಯಿ. ಅವರ ಕ್ಲೇಮ್‌ಗಳು, ಅಂದರೆ ವಿಮೆ ಹಣದ ಕೋರಿಕೆಗಳು, ತಿರಸ್ಕೃತವಾಗಲು ದೊಡ್ಡ ಕಾರಣ ಅರ್ಜಿಯಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಹಳೆಯ ಸ್ಟೆಂಟ್ ಬರೆಯದೇ ಇರುವುದು. ಪ್ರೀಮಿಯಂ ಏರುತ್ತದೆಂದು ಕೆಲವರು ಮುಚ್ಚಿಡುತ್ತಾರೆ. ಎಷ್ಟೋ ಸಲ ಏಜೆಂಟರೇ ಎಲ್ಲದಕ್ಕೂ ‘ಇಲ್ಲ’ ಎಂದು ಗುರುತು ಹಾಕಿರುತ್ತಾರೆ. ಆಸ್ಪತ್ರೆಯಲ್ಲಿ ರೋಗಿ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳ ಪಟ್ಟಿ ಬರೆದುಕೊಳ್ಳುತ್ತಾರೆ, ಅದು ಕಂಪನಿಗೆ ಹೋಗುತ್ತದೆ, ಹಳೆಯ ಕಾಯಿಲೆ ಅಲ್ಲೇ ಹೊರಬೀಳುತ್ತದೆ. ಸಹಿ ಹಾಕುವ ಮುನ್ನ ಅರ್ಜಿಯನ್ನು ಮಕ್ಕಳಿಂದ ಒಮ್ಮೆ ಓದಿಸಿ.

ಹಳೆಯ ಕಾಯಿಲೆ ಬರೆದ ಮೇಲೂ ಪಾಲಿಸಿಯ ಷರತ್ತು ನೋಡಿ. ಕೆಲವು ಪಾಲಿಸಿಗಳು ಅದರಿಂದ ಜೀವಕ್ಕೆ ಅಪಾಯ ಬಂದಾಗ ಮಾತ್ರ, ಅದೂ ಸ್ಥಿತಿ ಸುಧಾರಿಸುವವರೆಗೆ ಮಾತ್ರ ಹಣ ಕೊಡುತ್ತವೆ. ವಯಸ್ಸಾದವರ ಪಾಲಿಸಿಗಳಲ್ಲಿ ‘ಸಬ್‌ಲಿಮಿಟ್’ ಎಂಬ ಸಾಲು ಇರಬಹುದು. ಒಟ್ಟು ಮೊತ್ತ ಒಂದು ಲಕ್ಷ ಡಾಲರ್ ಇದ್ದರೂ ದಿನದ ಕೋಣೆ ಬಾಡಿಗೆ, ಐಸಿಯು, ಶಸ್ತ್ರಚಿಕಿತ್ಸೆಗೆ ಬೇರೆಬೇರೆ ಮಿತಿ ಹಾಕಿ ಕೈಗೆ ಸಿಗುವುದನ್ನು ಬಹಳ ತಗ್ಗಿಸುತ್ತದೆ. ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ಸಬ್‌ಲಿಮಿಟ್ ಇಲ್ಲದ್ದನ್ನೇ ತೆಗೆದುಕೊಳ್ಳಿ. ‘ಡಿಡಕ್ಟಿಬಲ್’ ಎಂದರೆ ಪ್ರತಿ ಕ್ಲೇಮ್‌ನಲ್ಲಿ ಮೊದಲು ನೀವೇ ತೆರಬೇಕಾದ ಹಣ. ಅದು 100 ಡಾಲರ್ ಇದ್ದರೆ ಚಿಂತೆಯಿಲ್ಲ.

ಎಪ್ಪತ್ತು ದಾಟಿದವರಿಗೆ ಕೆಲವು ಕಂಪನಿಗಳು ರಕ್ತಪರೀಕ್ಷೆ, ಇಸಿಜಿ ಕೇಳುತ್ತವೆ. ಹಾಗಾಗಿ ಮೂರು ವಾರ ಮೊದಲೇ ಶುರುಮಾಡಿ. ಪಾಲಿಸಿಯನ್ನು ಭಾರತ ಬಿಡುವ ಮುನ್ನವೇ ಕೊಳ್ಳಬೇಕು. ವಾಪಸು ಬರುವ ದಿನದ ಮೇಲೆ ಎರಡು-ಮೂರು ದಿನ ಹೆಚ್ಚೇ ಇರಲಿ. ಅಲ್ಲಿದ್ದು ಅವಧಿ ವಿಸ್ತರಿಸಬೇಕಾದರೆ ಪಾಲಿಸಿ ಮುಗಿಯುವ ಮುನ್ನವೇ ಕೇಳಿ. ನಡುವೆ ಕ್ಲೇಮ್ ಆಗಿದ್ದರೆ ಕಂಪನಿ ಒಪ್ಪದಿರಬಹುದು.

ಮಳೆಗಾಲದಲ್ಲಿ ಮಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುವವರು ಇದನ್ನು ತಿಳಿದಿರಬೇಕು. 2024ರ ಜುಲೈನಲ್ಲಿ ಎಡಕುಮೇರಿ-ಕಡಗರವಳ್ಳಿ ನಡುವೆ ಗುಡ್ಡ ಜರಿದು ಸಕಲೇಶಪುರ-ಸುಬ್ರಹ್ಮಣ್ಯ ಮಾರ್ಗದ ರೈಲುಗಳು ನಿಂತಿದ್ದವು, ಶಿರಾಡಿ ಘಾಟಿಯಲ್ಲೂ ಮಣ್ಣು ಕುಸಿದಿತ್ತು. ಇಂಥ ದಿನ ನಿಮ್ಮ ಕಾರು ಘಾಟಿಯಲ್ಲಿ ಸಿಕ್ಕಿಕೊಂಡು ವಿಮಾನ ತಪ್ಪಿದರೆ ಸಾಮಾನ್ಯ ಪಾಲಿಸಿ ಹಣ ಕೊಡುವುದಿಲ್ಲ. ‘ಸಂಪರ್ಕ ವಿಮಾನ ತಪ್ಪಿದ್ದು’ ಎಂಬ ರಕ್ಷಣೆ ಹೆಚ್ಚಾಗಿ ಮೊದಲ ವಿಮಾನ ತಡವಾಗಿ ಬಂದಾಗ ಮಾತ್ರ ಅನ್ವಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಂದಿನ ದಿನವೇ ಮಂಗಳೂರು ಸೇರಿ, ಇಲ್ಲವೇ ಬೆಂಗಳೂರಿನಿಂದ ಟಿಕೆಟ್ ಮಾಡಿ. ಪ್ರಯಾಣ ರದ್ದಿನ ರಕ್ಷಣೆ ಬೇಕಿದ್ದರೆ ಟಿಕೆಟ್ ತೆಗೆದ ಕೂಡಲೇ ಪಾಲಿಸಿ ಮಾಡಿಸಿ. ಪ್ರಯಾಣಕ್ಕೆ ಅಡ್ಡಿಯಾಗುವ ಘಟನೆಯೊಂದು ಸುದ್ದಿಯಲ್ಲಿ ಬಂದ ಮೇಲೆ ಕೊಂಡ ಪಾಲಿಸಿ ಆ ಘಟನೆಗೆ ಸಲ್ಲುವುದಿಲ್ಲ. ಮನಸ್ಸು ಬದಲಾಗಿ ಹೋಗದಿದ್ದರೂ ಹಣ ಸಿಗದು.

ದೇಶದೊಳಗಿನ ಪ್ರವಾಸಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ, ಆರೋಗ್ಯ ವಿಮೆ ಇದ್ದರೆ ಕಾರ್ಡ್ ಜೊತೆಗಿಡಿ. ಕಾಶಿಗೆ ರೈಲಿನಲ್ಲಿ ಹೋಗುವವರು ರೈಲ್ವೆಯ ಆನ್‌ಲೈನ್ ಟಿಕೆಟ್ ತಾಣ ಐಆರ್‌ಸಿಟಿಸಿಯಲ್ಲಿ ಟಿಕೆಟ್ ಮಾಡುವಾಗ ವಿಮೆಯ ಗುರುತು ಹಾಕಲು ಮರೆಯಬೇಡಿ. ಒಬ್ಬರಿಗೆ 45 ಪೈಸೆ. ರೈಲು ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 10 ಲಕ್ಷ, ಗಾಯಗೊಂಡು ಆಸ್ಪತ್ರೆ ಸೇರಿದರೆ 2 ಲಕ್ಷದವರೆಗೆ ಸಿಗುತ್ತದೆ. ಆಮೇಲೆ ವಿಮಾ ಕಂಪನಿಯಿಂದ ಬರುವ ಎಸ್ಸೆಮ್ಮೆಸ್ ಲಿಂಕ್‌ನಲ್ಲಿ ನಾಮಿನಿ ಹೆಸರು ತುಂಬಬೇಕು. ಬಹಳ ಮಂದಿ ಇದನ್ನು ಬಿಟ್ಟುಬಿಡುತ್ತಾರೆ, ಆಗ ಕುಟುಂಬದವರು ಉತ್ತರಾಧಿಕಾರದ ದಾಖಲೆಗೆ ಅಲೆಯಬೇಕಾಗುತ್ತದೆ. ಹಾಸನ, ಅರಸೀಕೆರೆ ನಿಲ್ದಾಣದ ಕೌಂಟರ್ ಟಿಕೆಟ್‌ಗೆ ಈ ವಿಮೆ ಇಲ್ಲ. ಆದರೆ ರೈಲ್ವೆ ಕಾಯ್ದೆಯಡಿ ಅಪಘಾತದ ಸಾವಿಗೆ 8 ಲಕ್ಷ ಪರಿಹಾರ, ಟಿಕೆಟ್ ಇರುವ ಎಲ್ಲ ಪ್ರಯಾಣಿಕರ ಪರವಾಗಿಯೂ ಕೇಳಬಹುದು.

ಮುಳ್ಳಯ್ಯನಗಿರಿಯ 1,930 ಮೀಟರ್ ಸಲೀಸಾಗಿ ಹತ್ತುವವರಿಗೂ ಕೇದಾರ, ನೇಪಾಳದ ಮುಕ್ತಿನಾಥದ 3,500 ಮೀಟರ್ ಮೀರಿದ ಎತ್ತರದಲ್ಲಿ ಉಸಿರು ಕಟ್ಟಬಹುದು. ಅಲ್ಲಿಗೆ ಹೋಗುವುದಾದರೆ ಪಾಲಿಸಿಯಲ್ಲಿ ಎತ್ತರದ ಮಿತಿ ಎಷ್ಟು, ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಇಳಿಸುವ ಖರ್ಚು ಸೇರಿದೆಯೇ ಎಂದು ಬರಹದಲ್ಲಿ ಕೇಳಿ.

ಕ್ಲೇಮ್‌ಗೆ ಅತಿ ಮುಖ್ಯವಾದದ್ದು ಮೊದಲ ಫೋನ್ ಕರೆ. ಪಾಲಿಸಿ ಸಂಖ್ಯೆ ಮತ್ತು ವಿದೇಶದಿಂದ ಕರೆಯುವ ಸಹಾಯವಾಣಿಯನ್ನು ಕಾಗದದಲ್ಲಿ ಬರೆದು ಪರ್ಸ್‌ನಲ್ಲಿಡಿ, ಮನೆಯವರಿಗೂ ಕೊಡಿ. ಆಸ್ಪತ್ರೆ ಸೇರುವ ಮುನ್ನ, ತುರ್ತಾದರೆ 24 ಗಂಟೆಯೊಳಗೆ ತಿಳಿಸಿ, ಬಿಲ್ಲನ್ನು ಕಂಪನಿಯೇ ಆಸ್ಪತ್ರೆಗೆ ಕಟ್ಟುವ ‘ಕ್ಯಾಷ್‌ಲೆಸ್’ ಕೇಳಿ. ಡಿಸ್‌ಚಾರ್ಜ್ ಸಾರಾಂಶ, ಬಿಲ್ಲು, ಹಣ ಕಟ್ಟಿದ ರಸೀದಿ, ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನ ಮುದ್ರೆ ಇರುವ ಪುಟದ ಪ್ರತಿ, ಇವನ್ನು ಬಿಸಾಡಬೇಡಿ. ಬ್ಯಾಗ್ ಬರದಿದ್ದರೆ ನಿಲ್ದಾಣ ಬಿಡುವ ಮುನ್ನ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ದೂರು ಬರೆಸಿ, ಅದು ದಾಖಲಾದದ್ದಕ್ಕೆ ಕೊಡುವ ಪಿಐಆರ್ ಚೀಟಿ ಪಡೆಯಿರಿ. ಅದಿಲ್ಲದೆ ಕ್ಲೇಮ್ ಒಪ್ಪಿಗೆಯಾಗುವುದಿಲ್ಲ. ಒಡವೆ, ನಗದಿಗೆ ಸಾಮಾನ್ಯವಾಗಿ ರಕ್ಷಣೆ ಇಲ್ಲ, ಚೆಕ್-ಇನ್ ಬ್ಯಾಗಿನಲ್ಲಿ ಇಡಬೇಡಿ. ಪಾಸ್‌ಪೋರ್ಟ್ ಕಳೆದರೆ ಮೊದಲು ಅಲ್ಲಿನ ಪೊಲೀಸ್ ದೂರು, ನಂತರ ಭಾರತೀಯ ರಾಯಭಾರ ಕಚೇರಿ.

ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ವಿಮಾ ದೂರುಗಳನ್ನು ಕೇಳಿ ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.