ತರಬೇತಿ ಸಭಾಂಗಣದಿಂದ ಅಡುಗೆಮನೆಗೆ ಬಂದಾಗ

ನಾನು ಶಾಲೆಯೊಂದರ ಅಡುಗೆಮನೆಯ ಮೇಲ್ವಿಚಾರಕಿ. ನಮ್ಮದು 14 ಜನರ ತಂಡ. ನನ್ನ ಮೊದಲ ತರಬೇತಿಗೆ ನಾನು ವಾರವಿಡೀ ತಯಾರಿ ಮಾಡಿಕೊಂಡಿದ್ದೆ. ಸಭಾಂಗಣದಲ್ಲಿ ಕುರ್ಚಿ ಹಾಕಿಸಿದೆ. ಪರದೆ ಮೇಲೆ 60 ಸ್ಲೈಡ್ ತೋರಿಸುತ್ತಾ ಎರಡು ಗಂಟೆ ಮಾತಾಡಿದೆ. ಕೈ ತೊಳೆಯುವುದು, ಬಿಸಿ ಅಳೆಯುವುದು, ಅಲರ್ಜಿ, ಚಾಕು ಹಿಡಿಯುವುದು, ಎಲ್ಲ ಒಂದೇ ದಿನ. ಎಲ್ಲರೂ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹೋದರು. ಮರುದಿನ ನೋಡಿದರೆ ಬೆಂದ ಅಡುಗೆಗೆ ಒಬ್ಬರೂ ಥರ್ಮಾಮೀಟರ್ ಇಟ್ಟು ನೋಡಲಿಲ್ಲ.

ಬೇಜಾರಾಯಿತು. ಯಾಕೆ ಎಂದು ಕೇಳಿದೆ. ಹಿರಿಯ ಅಕ್ಕ ಒಬ್ಬರು ಮೆಲ್ಲಗೆ ಹೇಳಿದರು: "ಥರ್ಮಾಮೀಟರ್ ನಿಮ್ಮ ಬೀರುವಿನಲ್ಲಿದೆ ಮೇಡಂ. ಬೀಗದ ಕೈ ನಿಮ್ಮ ಹತ್ರಾನೇ ಇರುತ್ತೆ. ನೀವು ಬರೋ ಹೊತ್ತಿಗೆ ಅಡುಗೆ ಇಳಿಸಿ ಆಗಿರುತ್ತೆ."

ಆ ಮಾತು ನನ್ನ ಕಣ್ಣು ತೆರೆಸಿತು. ಅವರಿಗೆ ತಿಳಿವಳಿಕೆ ಕಡಿಮೆ ಇರಲಿಲ್ಲ, ಕೈಗೆ ಥರ್ಮಾಮೀಟರ್ ಸಿಗುತ್ತಿರಲಿಲ್ಲ. ಅದನ್ನು ಒಲೆಯ ಪಕ್ಕದ ಮೊಳೆಗೆ ನೇತುಹಾಕಿದ ದಿನದಿಂದ ಅಳತೆ ಶುರುವಾಯಿತು.

ಆಮೇಲೆ ಒಂದು ವಾರ ನಾನು ಏನನ್ನೂ ಕಲಿಸಲಿಲ್ಲ. ನೋಟ್‌ಬುಕ್ ಹಿಡಿದು ನೋಡುತ್ತಾ ನಿಂತೆ. ನೋಡಲು ಬಂದಿದ್ದೇನೆ, ತಪ್ಪು ಹಿಡಿಯಲು ಅಲ್ಲ ಅಂತ ಮೊದಲೇ ಹೇಳಿದ್ದೆ. ಯಾವ ಕೆಲಸ ತಪ್ಪಿದರೂ ಎದುರಿಗೆ ಒಂದೇ ಪ್ರಶ್ನೆ ಬರೆದೆ: ಇದು ಗೊತ್ತಿಲ್ಲದೆ ಆಗುತ್ತಿದೆಯಾ, ಗೊತ್ತಿದ್ದೂ ಮಾಡಲು ಆಗುತ್ತಿಲ್ಲವಾ? ಕೈ ತೊಳೆಯುವ ಸಿಂಕಿನ ಮುಂದೆ ಬಕೆಟ್ ಇಟ್ಟಿದ್ದರು. ಸೋಪು ಮುಗಿದು ಎರಡು ದಿನವಾಗಿತ್ತು. ಇವಕ್ಕೆ ತರಬೇತಿ ಬೇಕಿಲ್ಲ, ಬಕೆಟ್ ಸರಿಸಬೇಕು, ಸೋಪು ತರಬೇಕು. ಹಸಿ ಮಾಂಸ ಕತ್ತರಿಸಿದ ಮಣೆಯನ್ನು ಒರೆಸಿದ ಬಟ್ಟೆಯಲ್ಲೇ ಬಡಿಸುವ ಮೇಜನ್ನೂ ಒರೆಸುತ್ತಿದ್ದರು. ಇದು ಮಾತ್ರ ಕಲಿಸಬೇಕಾದ್ದು. ನನ್ನ ಪಟ್ಟಿಯ ಹೆಚ್ಚುಕಡಿಮೆ ಅರ್ಧ ಹೀಗೆ ತರಬೇತಿ ಇಲ್ಲದೆಯೇ ಸರಿಹೋಯಿತು. ತರಬೇತಿ ಯೋಜನೆ ಬರೆಯಲು ಕೂರುವವರಿಗೆ ನಾನು ಮೊದಲು ಹೇಳುವುದು ಈ ಒಂದು ವಾರದ ಬಗ್ಗೆಯೇ.

ಉಳಿದ ವಿಷಯಗಳನ್ನು ಜೋಡಿಸಿಕೊಳ್ಳಲು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೊರತಂದ ಐದು ಸೂತ್ರಗಳು ಸಹಾಯಕ್ಕೆ ಬಂದವು: ಸ್ವಚ್ಛವಾಗಿಡಿ, ಹಸಿಯನ್ನೂ ಬೆಂದದ್ದನ್ನೂ ಬೇರೆ ಇಡಿ, ಪೂರ್ತಿ ಬೇಯಿಸಿ, ಸರಿಯಾದ ಬಿಸಿಯಲ್ಲೋ ತಂಪಿನಲ್ಲೋ ಇಡಿ, ನೀರು ಮತ್ತು ಸಾಮಾನು ಸುರಕ್ಷಿತವಾಗಿರಲಿ. ಒಂದು ಸೂತ್ರಕ್ಕೆ ಒಂದು ತಿಂಗಳು. ಒಂದು ಸಲಕ್ಕೆ ಒಂದೇ ವಿಷಯ, 20 ನಿಮಿಷ, ಅಷ್ಟೇ.

ಸಮಯ ಹುಡುಕುವುದು ಅಷ್ಟು ಸುಲಭವಾಗಿರಲಿಲ್ಲ. ಬೆಳಿಗ್ಗೆ ಇಟ್ಟರೆ ಎಲ್ಲರ ಕಣ್ಣು ಗಡಿಯಾರದ ಮೇಲೆ. ಕೆಲಸ ಮುಗಿದ ಮೇಲೆ ಇಟ್ಟರೆ ಮನೆಗೆ ಹೋಗುವ ಅವಸರ. ಕೊನೆಗೆ ಮಕ್ಕಳ ಊಟ ಮುಗಿದು, ನಮ್ಮವರೂ ಊಟ ಮಾಡಿ, ಪಾತ್ರೆ ತೊಳೆಯಲು ಏಳುವ ಮುಂಚಿನ ಹೊತ್ತು ಸರಿಹೊಂದಿತು. ಅದು ಸಂಬಳದ ಸಮಯದೊಳಗೇ ಇರಬೇಕು. ಇದರಲ್ಲಿ ನಾನು ರಾಜಿಯಾಗಲಿಲ್ಲ. ಅವರ ಸ್ವಂತ ಸಮಯ ತೆಗೆದುಕೊಂಡು ಶ್ರದ್ಧೆ ಕೇಳುವುದು ನ್ಯಾಯ ಅಲ್ಲ, ಅಲ್ವಾ?

ಎಲ್ಲಕ್ಕಿಂತ ಚೆನ್ನಾಗಿ ನಾಟಿದ್ದು ತಣಿಸುವ ಪಾಠ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣು ಬೇಗ ಬೆಳೆಯುತ್ತವೆ ಎಂದು ಸ್ಲೈಡಿನಲ್ಲಿ ಹಿಂದೆಯೇ ಹೇಳಿದ್ದೆ. ಯಾರ ತಲೆಗೂ ಹೋಗಿರಲಿಲ್ಲ. ಈ ಸಲ ಸುಮ್ನೆ ಎರಡು ಪಾತ್ರೆ ಇಟ್ಟೆ. ಒಂದು ಕಡೆ ಆಳವಾದ ದೊಡ್ಡ ಪಾತ್ರೆಯ ತುಂಬ ಬಿಸಿ ಗಂಜಿ. ಅದೇ ಗಂಜಿ ಇನ್ನೊಂದು ಕಡೆ ಅಗಲವಾದ ಟ್ರೇಯಲ್ಲಿ, ಎರಡು ಬೆರಳಿನಷ್ಟು ಎತ್ತರ ಮಾತ್ರ, ಕೆಳಗೆ ಐಸ್ ನೀರು. ಮೊದಲು ಥರ್ಮಾಮೀಟರನ್ನು ಐಸ್ ತುಂಬಿದ ನೀರಿನ ಲೋಟದಲ್ಲಿಟ್ಟು 0 ಡಿಗ್ರಿ ತೋರಿಸುತ್ತದೆಯೇ ಎಂದು ಅವರಿಂದಲೇ ನೋಡಿಸಿದೆ. ನಂತರ ಅರ್ಧ ಗಂಟೆಗೊಮ್ಮೆ ಒಬ್ಬೊಬ್ಬರು ಹೋಗಿ ಅಳೆದು ಗೋಡೆಯ ಹಲಗೆ ಮೇಲೆ ಬರೆಯಬೇಕು.

ಎರಡು ಗಂಟೆ ಕಳೆಯಿತು. ಟ್ರೇ ಪೂರ್ತಿ ತಣ್ಣಗಾಗಿತ್ತು. ದೊಡ್ಡ ಪಾತ್ರೆಯ ಹೊರಮೈ ಮುಟ್ಟಿದರೆ ಉಗುರುಬೆಚ್ಚಗೆ, ಆದರೆ ನಡುಭಾಗ ಇನ್ನೂ 50 ಡಿಗ್ರಿಯ ಮೇಲೇ ಇತ್ತು. "ಹೊರಗಿಂದ ಮುಟ್ಟಿ ಆರಿದೆ ಅಂದ್ಕೊಂಡು ಎಷ್ಟು ಸಲ ಮುಚ್ಚಿಟ್ಟಿದ್ದೀನೋ" ಎಂದು ಒಬ್ಬರು ತಮ್ಮಷ್ಟಕ್ಕೆ ಹೇಳಿಕೊಂಡರು. ಆಗ ನಾನು ಅಮೆರಿಕದ ಆಹಾರ ಸುರಕ್ಷತೆಯ ಮಾದರಿ ನಿಯಮಾವಳಿಯಾದ ಫುಡ್ ಕೋಡ್ ಹೇಳುವ ಲೆಕ್ಕ ಕೊಟ್ಟೆ: 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ ಇಳಿಯಬೇಕು, ಒಟ್ಟು ಆರು ಗಂಟೆಯೊಳಗೆ 5 ಡಿಗ್ರಿಗೆ ಬರಬೇಕು. ಅನ್ನದಂಥ ಅಡುಗೆಯಲ್ಲಿ ಕುದಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಉಳಿದಿರಬಹುದು. ನಿಧಾನವಾಗಿ ಆರಿದರೆ ಅವು ಮೊಳೆತು, ಬೆಳೆದು, ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಕಣ್ಣಾರೆ ಕಂಡ ಮೇಲೆ ಕೇಳಿದ್ದಕ್ಕೆ ಈ ಮಾತು ಅವರಿಗೆ ಅರ್ಥವಾಯಿತು. ಮೊದಲು ತೋರಿಸಬೇಕು, ಕಾರಣ ಆಮೇಲೆ.

ಅಲರ್ಜಿಯ ವಿಷಯಕ್ಕೆ ನಾಟಕ ಆಡಿಸಿದೆ. ಒಬ್ಬರು ಮಗುವಾಗಬೇಕು, ಒಬ್ಬರು ಬಡಿಸುವವರು. "ಇದರಲ್ಲಿ ಕಡಲೆಕಾಯಿ ಇದೆಯಾ ಆಂಟಿ?" ಎಂದು ಮಗು ಕೇಳುತ್ತದೆ. ಬಂದ ಮೊದಲ ಉತ್ತರ "ಇರಲಿಕ್ಕಿಲ್ಲ ಪುಟ್ಟ". ನಮಗೆಲ್ಲ ಬಾಯಿಗೆ ಬರುವ ಮಾತೇ ಅದು. ಆದರೆ ನನಗೆ ಹೆದರಿಕೆಯಾದದ್ದೂ ಅದಕ್ಕೇ. "ನಿಲ್ಲು, ನೋಡಿ ಹೇಳ್ತೀನಿ" ಎಂಬ ಉತ್ತರ ರೂಢಿಯಾಗುವವರೆಗೆ ಮತ್ತೆ ಮತ್ತೆ ಆಡಿಸಿದೆ. ತಟ್ಟೆಯಿಂದ ಬೀಜ ಆರಿಸಿ ತೆಗೆದರೆ ಸಾಲದು, ಬೇಯಿಸಿದರೆ ಅಲರ್ಜಿ ಹೋಗುತ್ತದೆ ಎಂದೂ ನಂಬುವಂತಿಲ್ಲ ಎಂಬುದನ್ನು ಅಲ್ಲೇ ಹೇಳಿದೆ.

ತಂಡದಲ್ಲಿ ಇಬ್ಬರಿಗೆ ಓದು ಬರುವುದಿಲ್ಲ. ಮೊದಲ ತರಬೇತಿಯಲ್ಲಿ ಅವರು ಸುಮ್ಮನೆ ಸಹಿ ಹಾಕಿದ್ದು ನನಗೆ ತಡವಾಗಿ ತಿಳಿಯಿತು. ಇದು ನನಗೆ ಇವತ್ತಿಗೂ ನೋವು. ಈಗ ಬರಹದ ಪರೀಕ್ಷೆ ಇಲ್ಲ. "ನನಗೆ ಮಾಡಿ ತೋರಿಸಿ" ಎನ್ನುವುದೇ ಪರೀಕ್ಷೆ. ಅವರಲ್ಲಿ ಒಬ್ಬರು ಸೌಟು ಹಿಡಿದರೆ ಮೊದಲ ಮಗುವಿಗೂ ಕೊನೆಯ ಮಗುವಿಗೂ ಒಂದೇ ಅಳತೆ ಬೀಳುತ್ತದೆ. ಬಡಿಸುವ ಪಾಠವನ್ನು ಅವರಿಗೇ ವಹಿಸಿದೆ. ಅಷ್ಟು ಗಮನ ಕೊಟ್ಟು ನನ್ನ ಮಾತನ್ನು ಯಾರೂ ಕೇಳಿರಲಿಲ್ಲ.

ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹಾಸ್ 1885ರಲ್ಲೇ ತಮ್ಮ ಮೇಲೆ ಪ್ರಯೋಗ ಮಾಡಿ, ಕಲಿತದ್ದರಲ್ಲಿ ಬಹುಪಾಲು ಮೊದಲ ಒಂದೆರಡು ದಿನದಲ್ಲೇ ಮರೆಯುತ್ತದೆ ಎಂದು ತೋರಿಸಿದ್ದರು. ಹಾಗಾಗಿ ಪಾಠದ ಮರುದಿನ ಎರಡು ನಿಮಿಷ, ಒಂದು ವಾರದ ನಂತರ ಇನ್ನೆರಡು ನಿಮಿಷ ಅದೇ ವಿಷಯ ಕೇಳುತ್ತೇನೆ. ಎರಡು ವಾರವಾದ ಮೇಲೆ ಮತ್ತೆ ನೋಟ್‌ಬುಕ್ ಹಿಡಿದು ನಿಲ್ಲುತ್ತೇನೆ. ಹತ್ತು ಸಲದಲ್ಲಿ ಎಷ್ಟು ಸಲ ಸರಿಯಾಗಿ ಆಯಿತು ಎಂದು ಎಣಿಸುತ್ತೇನೆ. ಕಡಿಮೆ ಬಂದರೆ ಪಾಠವನ್ನು ಬದಲಿಸುತ್ತೇನೆ, ಜನರನ್ನು ಬೈಯುವುದಿಲ್ಲ.

ಹೊಸಬರು ವರ್ಷದ ನಡುವೆ ಬಂದುಬಿಡುತ್ತಾರೆ. ಅವರಿಗೆ ಮೊದಲ ದಿನವೇ ಮೂರು ವಿಷಯ ಹೇಳುತ್ತೇವೆ: 20 ಸೆಕೆಂಡ್ ಸೋಪಿನಲ್ಲಿ ಕೈ ತೊಳೆಯುವುದು, ಅಲರ್ಜಿಗೆ "ನೋಡಿ ಹೇಳ್ತೀನಿ" ಎನ್ನುವುದು, ವಾಂತಿಭೇದಿ ಇದ್ದರೆ ಅದು ನಿಂತು 48 ಗಂಟೆ ಆಗುವವರೆಗೆ ಅಡುಗೆಮನೆಗೆ ಬರದಿರುವುದು. ಉಳಿದದ್ದನ್ನು ಜೊತೆಗಿರುವ ಹಳಬರು ನಿಧಾನವಾಗಿ ಕಲಿಸುತ್ತಾರೆ. ರಜೆ ಹಾಕಿದರೆ ಸಂಬಳ ಹೋಗುತ್ತದೆ ಎಂಬ ಭಯ ಇರುವವರೆಗೆ ಮೂರನೆಯದು ಬರೀ ಮಾತಾಗಿ ಉಳಿಯುತ್ತದೆ. ಆಡಳಿತದ ಜೊತೆ ನಾನು ಅದರ ಬಗ್ಗೆ ಇನ್ನೂ ಮಾತಾಡುತ್ತಿದ್ದೇನೆ.

ಹಲಗೆಯ ಕೆಳಗೆ ಒಂದು ಡಬ್ಬಿ ಇಟ್ಟಿದ್ದೇವೆ. ಯಾರಿಗೆ ಏನು ಕಲಿಯಬೇಕೋ ಚೀಟಿ ಬರೆದು ಹಾಕಬಹುದು, ಬರೆಯಲು ಬರದಿದ್ದರೆ ಪಕ್ಕದವರ ಕೈಲಿ ಬರೆಸಬಹುದು. ಕಳೆದ ವಾರದ ಚೀಟಿಯಲ್ಲಿ ಹೀಗಿತ್ತು: "ದೊಡ್ಡ ಪಾತ್ರೆ ಇಬ್ಬರು ಸೇರಿ ಇಳಿಸುವಾಗ ಸೊಂಟ ಹಿಡಿಯುತ್ತೆ. ಹೇಗೆ ಎತ್ತಬೇಕು ತೋರಿಸಿ." ಮುಂದಿನ ತಿಂಗಳ ಪಾಠ ಅದೇ.