ರಿಂಗ್ ರೋಡಿನಲ್ಲಿ ಜಾಮ್ ಕಟ್ಟಿಕೊಳ್ಳುವ ಮುಂಚೆ ಗುರುತಿಸೋದು ಹೇಗೆ

ಹನ್ನೆರಡು ವರ್ಷದಿಂದ ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಆಫೀಸ್ ಕ್ಯಾಬ್ ಓಡಿಸುತ್ತಿದ್ದೇನೆ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರಕ್ಕೆ ಸುಮಾರು 17 ಕಿಲೋಮೀಟರ್. ಹೊಸ ಹುಡುಗರಿಗೆ ಮೊದಲು ಹೇಳಿಕೊಡೋದು ಇದನ್ನೇ: ಮುಂದಿನ ಗಾಡಿಗೂ ನಿಮಗೂ ನಡುವಿನ ಜಾಗದ ಮೇಲೆ ಕಣ್ಣಿಡಿ.

ಎರಡು ಕಾರು ಹಿಡಿಸುವಷ್ಟು ಜಾಗ ಇದ್ದರೆ, ಯಾರೋ ಬ್ರೇಕ್ ಒತ್ತಿದರೂ ನೀವು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು. ಆ ಜಾಗ ಮುಗಿದರೆ ನೀವೂ ಒತ್ತುತ್ತೀರಿ, ಹಿಂದಿನವರು ಇನ್ನೂ ಜೋರಾಗಿ ಒತ್ತುತ್ತಾರೆ. ಕೆಂಪು ದೀಪ ಒಂದಾದ ಮೇಲೊಂದು ಹಿಂದಕ್ಕೆ ಹೊತ್ತಿಕೊಳ್ಳುತ್ತಾ ಹೋಗುತ್ತದೆ. ಅಪಘಾತ ಇಲ್ಲ, ಗುಂಡಿ ಇಲ್ಲ, ಆದರೂ ಜಾಮ್. ಜಪಾನಿನಲ್ಲಿ ಸಂಶೋಧಕರು 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರು ಓಡಿಸಿ ಇದನ್ನೇ ತೋರಿಸಿದರು. ಅದು 2008ರಲ್ಲಿ ಪ್ರಕಟವಾಯಿತು. ಮೊದಲು ಎಲ್ಲ ಸಲೀಸಾಗಿ ಸುತ್ತಿದವು, ಆಮೇಲೆ ಏನೂ ಅಡ್ಡ ಇಲ್ಲದೆಯೇ ನಿಂತವು. ಹಾಗಾಗಿ ದೂರದಲ್ಲಿ ಕೆಂಪು ಕಂಡ ಕೂಡಲೇ ಆಕ್ಸಿಲರೇಟರ್ ಬಿಡಿ. ಪಕ್ಕದಿಂದ ಬೈಕ್ ನುಗ್ಗಿದರೆ ನುಗ್ಗಲಿ, ಮತ್ತೆ ಜಾಗ ಬಿಡಿ.

ಇನ್ನು ಸಿಗ್ನಲ್. ಇಬ್ಬಲೂರಿನಲ್ಲಿ ಸರ್ಜಾಪುರ ರಸ್ತೆ ಬಂದು ಸೇರುತ್ತದೆ. ಹಸಿರು ಬಿದ್ದರೂ ಆಚೆ ಬದಿಯಲ್ಲಿ ನಿಮ್ಮ ಗಾಡಿಗೆ ಜಾಗ ಇಲ್ಲ ಅಂದ್ರೆ ದಯವಿಟ್ಟು ನುಗ್ಗಬೇಡಿ. ಒಮ್ಮೆ ನಾನು ಹಾಗೆ ನುಗ್ಗಿ ನಟ್ಟನಡುವೆ ಸಿಕ್ಕಿಕೊಂಡೆ. ಅಡ್ಡ ರಸ್ತೆಯಲ್ಲಿ ಆಂಬುಲೆನ್ಸ್ ನಿಂತಿತ್ತು. ಹಿಂದೆ ಹೋಗೋಕೂ ಆಗದು, ಮುಂದೆಯೂ ಆಗದು. ಆ ಸೈರನ್ ಇವತ್ತಿಗೂ ಕಿವಿಯಲ್ಲಿದೆ.

ಒಳದಾರಿ ಹಿಡಿಯೋ ಮುಂಚೆಯೂ ಯೋಚಿಸಿ. ಜಯನಗರದಲ್ಲಿ ಒಂದು ಕ್ರಾಸ್ ಮುಚ್ಚಿದರೆ ಮುಂದಿನ ಕ್ರಾಸ್ ಇದೆ. ಇಲ್ಲಿ ಹಾಗಿಲ್ಲ. ಒಂದು ಕಡೆ ಬೆಳ್ಳಂದೂರು ಕೆರೆ, ಉಳಿದದ್ದು ಇಕ್ಕಟ್ಟಿನ ಹಳ್ಳಿ ರಸ್ತೆ. ಮ್ಯಾಪ್ ಎಲ್ಲರಿಗೂ ಪಣತ್ತೂರು ರೈಲ್ವೆ ಅಂಡರ್‌ಪಾಸ್ ತೋರಿಸಿದರೆ ಅದೂ ಹತ್ತೇ ನಿಮಿಷದಲ್ಲಿ ಕಟ್ಟಿಕೊಳ್ಳುತ್ತದೆ. 2022ರ ಸೆಪ್ಟೆಂಬರ್ ಮಳೆಗೆ ಇಕೋಸ್ಪೇಸ್ ಟೆಕ್ ಪಾರ್ಕ್ ಮುಂದೆ ರಸ್ತೆಯೇ ಮುಳುಗಿದಾಗ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಬೇರೆ ದಾರಿಯೇ ಇರಲಿಲ್ಲ, ಅಲ್ವಾ? ಆದ್ದರಿಂದ ಬಿಡುವಿನ ಭಾನುವಾರ ಎರಡು ಒಳದಾರಿ ಓಡಿಸಿ ನೋಡಿಡಿ. ಎಲ್ಲಿ ನೀರು ನಿಲ್ಲುತ್ತೆ, ಎಲ್ಲಿ ಬಸ್ಸು ಎದುರಾದರೆ ಸರಿಯೋಕೆ ಜಾಗ ಇಲ್ಲ ಅಂತ ಗುರುತು ಮಾಡಿಕೊಳ್ಳಿ.

ಸಿಕ್ಕಿಹಾಕಿಕೊಂಡ ಮೇಲೆ ಸರ್ವಿಸ್ ರೋಡಿಗೆ ಇಳಿದು ಮುಂದೆ ಮತ್ತೆ ಮೇನ್ ರೋಡಿಗೆ ತೂರಿಕೊಳ್ಳೋದು ಬೇಡ. ನೀವು ತೂರಿದ ಕಡೆ ಹಿಂದಿನವರೆಲ್ಲ ಬ್ರೇಕ್ ಒತ್ತಬೇಕಾಗುತ್ತೆ. ಕಟ್ಟಿಕೊಂಡಷ್ಟು ಬೇಗ ಜಾಮ್ ಬಿಚ್ಚಿಕೊಳ್ಳೋದಿಲ್ಲ. ಗಾಡಿ ಕಡಿಮೆಯಾದ ಮೇಲೂ ಸುಮಾರು ಹೊತ್ತು ತೆವಳುತ್ತದೆ. ಸಂಜೆ ಜೋರು ಮಳೆ ಬಂದರೆ ನಾನು ಆಫೀಸಿನ ಗೇಟ್ ಬಿಡೋದೇ ಇಲ್ಲ. ಎಲ್ಲರಿಗೂ ಮನೆಗೆ ಫೋನ್ ಮಾಡಲು ಹೇಳುತ್ತೇನೆ, ಟೀ ಕುಡಿಯುತ್ತೇವೆ, ಮುಕ್ಕಾಲು ಗಂಟೆ ಬಿಟ್ಟು ಹೊರಡುತ್ತೇವೆ.