ಕೆಂಪು ಮಣ್ಣು ಗಟ್ಟಿಯಾಗಿ ರಾಗಿ ಮೊಳಕೆ ಏಳದಿದ್ರೆ: ನನ್ನ ಅನುಭವ

ಸಿರಾ ಕಡೆ ಕೆಂಪು ಮಣ್ಣು. ಬಿತ್ತಿದ ಮೇಲೆ ಜೋರು ಮಳೆ, ಹಿಂದೇನೇ ಬಿಸಿಲು, ಮೇಲ್ಮಣ್ಣು ಹಪ್ಪಳದ ತರ ಪದರ ಕಟ್ಟುತ್ತೆ, ಕೆದಕಿ ನೋಡಿದ್ರೆ ಮೊಳಕೆ ಅಡೀಲೇ ಸುತ್ಕೊಂಡು ಹಳದಿಯಾಗಿರುತ್ತೆ.

ಬೀಜ ಜಾಸ್ತಿ ಹಾಕಿದ್ದು ಕೆಲಸ ಮಾಡ್ಲಿಲ್ಲ. ನೀರು ಹಾಯಿಸಿದ್ರೆ ಒಣಗಿದ ಮೇಲೆ ಇನ್ನೂ ಗಟ್ಟಿ. ಜಿಪ್ಸಂ ಕೂಡ ನನಗೆ ದಂಡ ಆಯ್ತು, ಅದು ಹೆಚ್ಚಾಗಿ ಸೋಡಿಯಂ ಜಾಸ್ತಿ ಇರೋ ಚೌಳು ಮಣ್ಣಿಗೆ.

ಕೆಲಸ ಮಾಡಿದ್ದು ಜಾಲಿ ಮುಳ್ಳಿನ ಕಂಟಿ. ಮಳೆ ನಿಂತ್ಮೇಲೆ ಮಣ್ಣು ಕಾಲಿಗೆ ಅಂಟಬಾರ್ದು, ಆದ್ರೆ ಕೆಳಗೆ ಹಸಿ ಇರ್ಬೇಕು, ಆ ಹದದಲ್ಲಿ ಮೊಳಕೆ ಮೇಲೆ ಬರೋಕೆ ಮುಂಚೆ ಸಾಲಿಗೆ ಅಡ್ಡಲಾಗಿ ಒಂದೇ ಸಲ ಎಳೀಬೇಕು, ಮೇಲೆ ಕಲ್ಲು ಗಿಲ್ಲು ಇಡ್ಬೇಡಿ, ಒಂದು ಸೆಂ.ಮೀ.ಗಿಂತ ಆಳ ಹೋದ್ರೆ ಮೊಳಕೆನೇ ಮುರಿಯುತ್ತೆ. ಪೂರ್ತಿ ಒಣಗಿಬಿಟ್ಟಿದ್ರೆ ಮೊದ್ಲು ಸ್ಪ್ರಿಂಕ್ಲರ್ ಸ್ವಲ್ಪ ಹೊತ್ತು ಬಿಟ್ಟು ಪದರ ಮೆತ್ತಗೆ ಮಾಡ್ಕೊಳ್ಳಿ, ಆಮೇಲೆ ಕಂಟಿ.

ಮುಂದಿನ ಹಂಗಾಮಿಗೆ ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರ, ಬಿತ್ತನೆ 2-3 ಸೆಂ.ಮೀ. ಆಳ. ರೋಟವೇಟರ್‌ನವರು ಎರಡು ಸಲ ಹೊಡೀತೀನಿ ಅಂದ್ರೂ ಬೇಡ ಅನ್ನಿ, ಹಿಟ್ಟಿನಷ್ಟು ನುಣ್ಣಗಾದ ಮಣ್ಣೇ ಮೊದ್ಲು ಪದರ ಕಟ್ಟೋದು, ಸಣ್ಣ ಹೆಂಟೆ ಉಳೀಲಿ.